ಅತ್ತೆ ಮಲಗಿ ನೋಡಿದ ಹಾಸಿಗೆ

ನಮ್ಮ ನೆಂಟರಿಷ್ಟರಲ್ಲಿ ಯಾರಿಗೆ ಸೊಂಟ ಹಿಡಿದರೂ ಸುದ್ದಿ ಮೊದಲು ನನಗೆ ಬರುತ್ತದೆ, ಆಮೇಲೆ ಡಾಕ್ಟರಿಗೆ ಹೋಗುತ್ತದೆ. ನಾನು ವೈದ್ಯನಲ್ಲ. ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು, ಬೇರಿಂಗು ಎತ್ತಿಕೊಡುತ್ತಿದ್ದವನು. ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಒಂದು ಇಡೀ ಚಳಿಗಾಲವನ್ನು ಅಂಗಾತ ಮಲಗಿ ಕಳೆದವನಾದ್ದರಿಂದ ಜನರಿಗೆ ನನ್ನ ಮೇಲೆ ಏನೋ ಒಂದು ನಂಬಿಕೆ. ಬರುತ್ತಾರೆ, ಗೋಡೆ ಹಿಡಿದು ನಿಲ್ಲುತ್ತಾರೆ, ಎರಡೇ ಪ್ರಶ್ನೆ ಕೇಳುತ್ತಾರೆ. ಇದು ವಾಸಿಯಾಗುತ್ತದೆಯೇ? ಯಾವ ಹಾಸಿಗೆ ಕೊಳ್ಳಬೇಕು? ಮೊದಲನೆಯದಕ್ಕೆ ಡಾಕ್ಟರೇ ಉತ್ತರ ಹೇಳಲಿ. ಎರಡನೆಯದಕ್ಕೆ ನಾನು ಹೇಳುತ್ತೇನೆ, ಆದರೆ ಕತೆಯ ಸಮೇತ ಹೇಳುತ್ತೇನೆ. ಮಲಗಿದವರಿಗೆ ಬೇರೆ ಕೆಲಸವೇನೂ ಇರುವುದಿಲ್ಲ, ಕೇಳಿಸಿಕೊಳ್ಳಲಿ.

ನಮ್ಮೂರು ಮಾಲೂರಿನ ಹತ್ತಿರದ ಹಳ್ಳಿ. ಹೊಸೂರಿನಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಏಳತೊಡಗಿದಾಗ ಗಡಿ ದಾಟಿ ಬಂದವರಲ್ಲಿ ನಾನೂ ಒಬ್ಬ. ಕೆಲಸ ಸಿಕ್ಕಿತು, ಬಾಡಿಗೆ ಮನೆ ಸಿಕ್ಕಿತು, ಡೆಂಕಣಿಕೋಟೆ ಕಡೆಯ ಹಳ್ಳಿಯಿಂದ ಯಶೋದ ಹೆಂಡತಿಯಾಗಿ ಬಂದಳು. ಮಾವ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅತ್ತೆ ತಾಯಮ್ಮನವರೇ ರಾಗಿ ಹೊಲ ನೋಡಿಕೊಂಡು, ಒಬ್ಬಳೇ ಮಗಳನ್ನು ಬೆಳೆಸಿ ಮದುವೆ ಮಾಡಿದವರು. ಕಾಡಂಚಿನ ಹೊಲ. ತೆನೆ ಬಂದರೆ ಆನೆಯೂ ಬರುತ್ತದೆ. ಡಬ್ಬ ಬಡಿದುಕೊಂಡು ಆನೆಯ ಎದುರು ನಿಲ್ಲುತ್ತಿದ್ದ ಆ ಹೆಂಗಸು ಅಳಿಯನ ಎದುರು ಮಾತ್ರ ನಿಲ್ಲುತ್ತಿರಲಿಲ್ಲ. ಅವರ ಕಡೆ ಅದು ಪದ್ಧತಿ. ಅತ್ತೆಯಾದವಳು ಅಳಿಯನ ಮುಂದೆ ಕೂರಬಾರದು, ನೇರ ಮಾತಾಡಬಾರದು, ಅವನಿರುವ ಕೋಣೆಗೆ ಸುಮ್ಮಸುಮ್ಮನೆ ಬರಬಾರದು. ನಮ್ಮ ಮನೆಗೆ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಗಳ ಮೂಲಕ ಮಾತಾಡುತ್ತಿದ್ದರು. 'ಇನ್ನೊಂದು ಮುದ್ದೆ ಇಕ್ಲಾ ಅಂತ ಕೇಳಮ್ಮ' ಎಂದು ಆ ಕಡೆಯಿಂದ ಬರುತ್ತಿತ್ತು. 'ಸಾಕು ಅಂತ ಹೇಳು' ಎಂದು ಈ ಕಡೆಯಿಂದ ಹೋಗುತ್ತಿತ್ತು. ನಡುವೆ ಯಶೋದ ಟೆಲಿಫೋನ್ ತಂತಿಯ ಹಾಗೆ ನಿಂತಿರುತ್ತಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆಯೆಂದರೆ ನನಗೆ ಬಾಗಿಲ ಸಂದಿನ ಸೆರಗು ಮತ್ತು ಒಂದು ದನಿ, ಅಷ್ಟೇ ಆಗಿತ್ತು.

ಮದುವೆಯಲ್ಲಿ ಅವರು ಕೊಟ್ಟ ಮುಖ್ಯವಾದ ಉಡುಗೊರೆ ಒಂದು ಹಾಸಿಗೆ. ಅವರ ಹೊಲದ ಬದುವಿನಲ್ಲಿ ಎರಡು ಬೂರುಗದ ಮರಗಳಿದ್ದವು. ಕಾಯಿ ಒಡೆಯುವ ಕಾಲದಲ್ಲಿ ಹತ್ತಿ ಆಯ್ದು, ಒಂದೊಂದೇ ಬೀಜ ಬಿಡಿಸಿ, ವರ್ಷಗಟ್ಟಲೆ ಕೂಡಿಟ್ಟು ತುಂಬಿಸಿದ ಹಾಸಿಗೆ ಅದು. ಎಷ್ಟು ಮೆತ್ತಗಿತ್ತೆಂದರೆ ಮಲಗಿದವನು ಹೊರಗಿನಿಂದ ಕಾಣುತ್ತಿರಲಿಲ್ಲ. ನೋಡಲು ಬಂದ ನೆಂಟರೆಲ್ಲ ಒಂದು ಸಲ ಕೈಯೂರಿ ಒತ್ತಿ, ನಿನ್ನ ಪುಣ್ಯ ಕಣಯ್ಯ ಎಂದು ಹೋಗುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಕಾಯಿಲೆ ಶುರುವಾದ ಬಗೆ ಹೇಳಲು ನಾಚಿಕೆ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಭಾರದ ಪೆಟ್ಟಿಗೆ ಎತ್ತಿದವನಿಗೆ ಏನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿದ ಸೋಪು ತೆಗೆದುಕೊಳ್ಳಲು ಬಗ್ಗಿದೆ, ಅದೇ ಹೊತ್ತಿಗೆ ಒಂದು ಸೀನು ಬಂತು. ಸೊಂಟದಲ್ಲಿ ಏನೋ ಕಳಚಿದಂತಾಯಿತು. ಸೋಪು ಹಿಡಿದವನು ಹಿಡಿದ ಹಾಗೆಯೇ ನಿಂತೆ. ಯಶೋದ ಬಾಗಿಲು ತಟ್ಟಿ ತಟ್ಟಿ ಕೊನೆಗೆ ಒಳಗೆ ಬಂದು ನನಗೆ ಟವೆಲು ಸುತ್ತಿ, ಬಗ್ಗಿದ ಮುದುಕನನ್ನು ನಡೆಸುವ ಹಾಗೆ ನಡೆಸಿಕೊಂಡು ಬಂದಳು. ಆಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ.

ಸೊಂಟ ಉಳುಕಿದರೆ ಏನು ಮಾಡಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹುಟ್ಟುವಾಗ ಕಾಲು ಮುಂದಾಗಿ ಬಂದವರ ಕೈಯಲ್ಲಿ, ಅಂದರೆ ಕಾಲಲ್ಲಿ, ಒದೆಸಿಕೊಳ್ಳಬೇಕು. ನಮ್ಮ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಸಂಪಂಗಿ ಎಂಬ ಗೆಳೆಯನಿದ್ದ. ಅವನು ಹಾಗೆ ಹುಟ್ಟಿದವನು, ಈ ವಿಷಯದಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಸಂಜೆ ಬಂದು, ದೇವರ ಪಟಕ್ಕೆ ಕೈಮುಗಿದು, ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ ಮೂರು ಸಲ ಒದ್ದ. ಪಾಪ, ಮೆಲ್ಲಗೇ ಒದ್ದ. ಆದರೆ ಅಲ್ಲಿಯವರೆಗೆ ಸೊಂಟದಲ್ಲೇ ಕೂತಿದ್ದ ನೋವು ತೊಡೆ, ಮಂಡಿ, ಮೀನಖಂಡ ಹಿಡಿದು ಬಲಗಾಲಿನ ಹೆಬ್ಬೆರಳಿನವರೆಗೆ ಇಳಿಯಿತು. ಸಂಪಂಗಿ ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಹೊಸೂರಿನ ಆಸ್ಪತ್ರೆಯೊಂದಕ್ಕೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಮೂಳೆ ಡಾಕ್ಟರು ಬರುತ್ತಿದ್ದರು. ಅವರ ಕೋಣೆಯ ಮುಂದಿನ ಬೆಂಚುಗಳಲ್ಲಿ ಕೂತವರನ್ನು ನೋಡಿದರೆ ನಾಡಿನ ಮೂಳೆಗಳೆಲ್ಲ ಒಟ್ಟಿಗೆ ಮುರಿದಿವೆ ಅನ್ನಿಸುತ್ತಿತ್ತು. ನನಗೆ ಕೂರಲು ಆಗದು, ಬಹಳ ಹೊತ್ತು ನಿಲ್ಲಲೂ ಆಗದು. ಗೋಡೆಗೆ ಒರಗಿ ಒಂದೇ ಕಾಲ ಮೇಲೆ ಕೊಕ್ಕರೆಯ ಹಾಗೆ ನಿಂತಿದ್ದೆ. ತೋಳಿಗೆ ಪಟ್ಟಿ ಕಟ್ಟಿದ್ದ ಒಬ್ಬ ತಮಿಳು ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬೆಂಚಿನಲ್ಲಿದ್ದವರನ್ನೆಲ್ಲ ಗದರಿಸಿ ಎಬ್ಬಿಸಿದಳು. 'ಪಡುತ್ತುಕ್ಕೋ ಕಣ್ಣು' ಎಂದಳು. ಮಲಗಿಕೋ ಮಗು ಎಂದು. ಅಷ್ಟು ಜನರ ಮುಂದೆ ಹೇಗೆ ಮಲಗುವುದೆಂದು ನಾನು ಹಿಂದೆಮುಂದೆ ನೋಡಿದೆ. ಅವಳು ತನ್ನ ಚೀಲವನ್ನೇ ತಲೆದಿಂಬಿಗೆ ಇಟ್ಟಳು. ಎದ್ದವರೆಲ್ಲ ಗೊಣಗದೆ ನಿಂತೇ ಇದ್ದರು. ಅವರಲ್ಲಿ ಕಾಲಿಗೆ ಗಾಯವಾದವರೂ ಇದ್ದರು. ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ, ಅವಳ ಚೀಲದ ಕರಿಬೇವಿನ ವಾಸನೆ ಮಾತ್ರ ಈಗಲೂ ನೆನಪಿದೆ.

ಡಾಕ್ಟರು ಬಹಳ ಮಾತಿನವರಲ್ಲ. ಬೆನ್ನೆಲುಬಿನ ನಡುವಿನ ಮೆತ್ತೆ ಜರುಗಿ ಕಾಲಿನ ನರ ಒತ್ತುತ್ತಿದೆ ಎಂದರು. ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು, ಎತ್ತಿ ಎಂದರು. ಎತ್ತಿದೆ. ಎಡಗಾಲಿನಲ್ಲಿದ್ದ ಶಕ್ತಿ ಬಲಗಾಲಿನಲ್ಲಿ ಇರಲಿಲ್ಲ. ಅದು ನನಗೇ ಗೊತ್ತಾಯಿತು. ಕೆಲವು ವಾರ ಅಲುಗಾಡದೆ ಗಟ್ಟಿ ಜಾಗದಲ್ಲಿ ಮಲಗಿ, ಮೆತ್ತನೆಯ ಹಾಸಿಗೆಯನ್ನು ಇವತ್ತೇ ತೆಗೆದುಬಿಡಿ ಎಂದರು. ಈ ಬೆರಳಿನ ಶಕ್ತಿ ಪೂರ್ತಿ ಹೋದರೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕಾಗುತ್ತದೆ, ಮಾಡಿದ ಮೇಲೂ ಕಾಲು ಮೊದಲಿನಂತೆ ಆಗುತ್ತದೆಂದು ಹೇಳಲಾರೆ ಎಂದೂ ಹೇಳಿದರು. ಆವತ್ತಿನಿಂದ ನನ್ನ ಬದುಕೆಲ್ಲ ಬಂದು ಒಂದು ಹೆಬ್ಬೆರಳಿನಲ್ಲಿ ಕೂತಿತು.

ಮನೆಗೆ ಬಂದು ಬೂರುಗದ ಹಾಸಿಗೆ ಸುತ್ತಿ ಅಟ್ಟಕ್ಕೆ ಏರಿಸಿದೆವು. ಹಲಗೆ ಮಂಚದ ಮೇಲೆ ಒಂದು ಚಾಪೆ, ಒಂದು ಕಂಬಳಿ ಹಾಸಿ ಮಲಗಿದೆ. ಹೊಸೂರಿನ ಚಳಿ ಗೊತ್ತಿದ್ದವರಿಗೆ ಆ ಹಲಗೆ ಹೇಗಿತ್ತೆಂದು ಹೇಳಬೇಕಿಲ್ಲ. ಸೊಂಟದ ಮೂಳೆ ಒತ್ತಿದ ಕಡೆ ಚರ್ಮ ಕೆಂಪಾಯಿತು. ಸಂಬಳ ಅರ್ಧಕ್ಕಿಳಿಯಿತು. ನಿಂತು ಭಾರ ಎತ್ತಲಾರದವನನ್ನು ಸ್ಟೋರ್ಸಿನಲ್ಲಿ ಇಟ್ಟುಕೊಂಡು ಏನು ಮಾಡುತ್ತಾರೆ ಎಂಬ ಯೋಚನೆ ಬೇರೆ. ಆದರೂ ವಾರ ಕಳೆಯುವಷ್ಟರಲ್ಲಿ ನೋವು ಮಂಡಿಯಿಂದ ಮೇಲಕ್ಕೆ ಸರಿಯಿತು. ಬೆರಳು ಸ್ವಲ್ಪ ಗಟ್ಟಿಯಾದಂತಿತ್ತು. ಯಶೋದ ದಿನಾ ಬೆಳಿಗ್ಗೆ ತನ್ನ ಬೆರಳಿಟ್ಟು ಎತ್ತಿಸಿ ನೋಡಿ, ಮುಖ ಅರಳಿಸಿಕೊಂಡು ಒಲೆ ಹಚ್ಚಲು ಹೋಗುತ್ತಿದ್ದಳು.

ಅಷ್ಟರಲ್ಲಿ ಡೆಂಕಣಿಕೋಟೆಗೆ ಸುದ್ದಿ ಮುಟ್ಟಿ ಅತ್ತೆ ಬರುತ್ತಾರೆಂದು ತಿಳಿಯಿತು. ಯಶೋದ ಅಟ್ಟದ ಕಡೆ ನೋಡಿದಳು, ನಾನೂ ನೋಡಿದೆ. ತವರಿನ ಹಾಸಿಗೆ ಸುತ್ತಿಟ್ಟು ಅಳಿಯ ಬರೀ ಹಲಗೆಯ ಮೇಲೆ ಮಲಗಿದ್ದಾನೆ ಎಂದರೆ ಅವರ ಕಡೆ ಅರ್ಥ ಒಂದೇ. ಕೊಟ್ಟದ್ದು ಸಾಲಲಿಲ್ಲ, ಮಗಳೂ ಬೇಡವಾದಳು. ಡಾಕ್ಟರು ಹೇಳಿದರು ಎಂದರೆ ನಂಬುತ್ತಾರೋ ಇಲ್ಲವೋ. ನಂಬಿದರೂ, ನೀವು ಬೀಜ ಬಿಡಿಸಿ ಬಿಡಿಸಿ ಮಾಡಿದ ಹಾಸಿಗೆಯಿಂದಲೇ ನನ್ನ ಬೆನ್ನು ಕೆಟ್ಟಿತು ಎಂದು ಯಾವ ಬಾಯಲ್ಲಿ ಹೇಳುವುದು? ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರೆ. ನಮಗೆ ಆ ಗಾದೆ ಗೊತ್ತಿತ್ತು, ಆದರೂ ಹಾಸಿಗೆ ಇಳಿಸಿದೆವು. ಒಂದು ದಿನದ ಮಾತು, ನೋಡಿಕೊಂಡು ಹೋಗುತ್ತಾರೆ ಎಂದುಕೊಂಡೆವು.

ಅವರು ಒಂದು ದಿನಕ್ಕೆ ಬಂದಿರಲಿಲ್ಲ. ರಾಗಿ ಹಿಟ್ಟು, ಅವರೆಕಾಯಿ, ಒಂದು ಕೋಳಿ ಎಲ್ಲ ಹೊತ್ತು ಬಂದಿದ್ದರು. ಬಾಗಿಲ ಹಿಂದಿನಿಂದ ಒಮ್ಮೆ ಇಣುಕಿ ನಾನು ಹಾಸಿಗೆಯಲ್ಲಿ ಮುಳುಗಿರುವುದನ್ನು ಕಂಡು ಸಮಾಧಾನಪಟ್ಟರು. ಮೆತ್ತಗೈತಾ ಕೇಳಮ್ಮ ಎಂದರು. ಮೆತ್ತಗಿದೆ ಎಂದೆ. ಇನ್ನೊಂದು ದಿಂಬು ಕೊಡು ಎಂದರು. ಅದೂ ಬಂತು. ದಿನಕ್ಕೊಂದು ಬಗೆಯ ಸಾರು, ಕಷಾಯ, ಬಿಸಿ ಉಪ್ಪಿನ ಗಂಟಿನ ಶಾಖ. ಅಷ್ಟು ಉಪಚಾರ ನನಗೆ ಹುಟ್ಟಿದ ಮೇಲೆ ಯಾರೂ ಮಾಡಿರಲಿಲ್ಲ, ಅಷ್ಟು ನೋವೂ ಹುಟ್ಟಿದ ಮೇಲೆ ತಿಂದಿರಲಿಲ್ಲ. ಹಲ್ಲು ಕಚ್ಚಿ ನಗುತ್ತಿದ್ದೆ. ಯಶೋದ ಬೆರಳು ಎತ್ತಿಸಿ ನೋಡುವುದನ್ನು ನಿಲ್ಲಿಸಿಬಿಟ್ಟಳು. ನೋಡಲು ಅವಳಿಗೂ ಹೆದರಿಕೆಯಾಗಿತ್ತೆಂದು ಆಮೇಲೆ ಹೇಳಿದಳು.

ಮೂರನೆಯ ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ನನ್ನ ಬಲಗಾಲಿನ ಚಪ್ಪಲಿ ಅಲ್ಲೇ ಉಳಿದಿತ್ತು. ಅದು ಕಳಚಿದ್ದು ನನಗೆ ತಿಳಿದೇ ಇರಲಿಲ್ಲ. ಪಾದ ಎತ್ತಲು ನೋಡಿದೆ. ಅದು ಒದ್ದೆ ಬಟ್ಟೆಯ ಹಾಗೆ ನೇತಾಡಿತು. ಹೊಸ್ತಿಲಿಗೆ ಬೆರಳು ತಗಲಿ ಮುಂದಕ್ಕೆ ಮುಗ್ಗರಿಸಿದೆ. ಬೀಳುವ ಮೊದಲೇ ಎರಡು ಕೈ ನನ್ನ ಕಂಕುಳಿಗೆ ಬಂದು ಎತ್ತಿ ನಿಲ್ಲಿಸಿದವು. ಯಶೋದ ಎಂದುಕೊಂಡೆ. ನೋಡಿದರೆ ಅತ್ತೆ. ಬಾಗಿಲ ಹಿಂದಿನಿಂದ ಯಾವಾಗ ಬಂದರೋ, ಸೆರಗು ಹೆಗಲಿಂದ ಜಾರಿತ್ತು, ಮುಖ ನನ್ನ ಮುಖದ ಪಕ್ಕದಲ್ಲಿತ್ತು.

ಯಶೋದ ಓಡಿಬಂದು ಕಾಲು ನೋಡಿದಳು, ಅತ್ತಳು, ಅಳುತ್ತಲೇ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಡಾಕ್ಟರು ಮೆತ್ತನೆ ಹಾಸಿಗೆ ಬೇಡವೆಂದದ್ದು, ಅಟ್ಟಕ್ಕೆ ಹಾಕಿದ್ದು, ಅಮ್ಮ ಬರುತ್ತಾಳೆಂದು ಮತ್ತೆ ಇಳಿಸಿದ್ದು. ನಾನು ಗೋಡೆ ನೋಡುತ್ತಾ ನಿಂತೆ. ಅತ್ತೆ ಮೊದಲ ಸಲ ನನಗೇ ನೇರವಾಗಿ ಹೇಳಿದರು.

'ಬಾಯಿಲ್ವಾ ಅಳಿಯಂದ್ರೆ ನಿಮ್ಗೆ? ಹಾಸ್ಗೆ ಕೊಟ್ಟಿದ್ದು ಸುಖವಾಗಿ ಮಲೀಕ್ಕಳ್ಳಿ ಅಂತ. ಮೈಗೆ ಆಗ್ದೆ ಹೋದ್ರೆ ಅಟ್ಟಕ್ಕೆ ಎಸ್ದುಬುಡಿ. ನನ್ ಮುಖ ನೋಡ್ಕಂಡು ಕಾಲು ಕಳ್ಕಂತಾರಾ ಯಾರಾನಾ?'

ಅವರು ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಾವೇ ಕೋಣೆಗೆ ಹೋಗಿ ಹಾಸಿಗೆಯನ್ನು ಸರಸರ ಸುತ್ತಿ, ಚಾಪೆ ಹಾಸಿ, ಮತ್ತೆ ಬಾಗಿಲ ಹಿಂದೆ ಹೋಗಿ ನಿಂತರು. ಅಲ್ಲಿಂದಲೇ, ಡಾಕ್ಟರಿಗೆ ಹೇಳಿಕಳಿಸಮ್ಮ ಎಂಬ ಮಾತು ಬಂತು. ಬೈಸಿಕೊಂಡು ಮನಸ್ಸು ಅಷ್ಟು ಹಗುರವಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅದು ಡಾಕ್ಟರು ಹೊಸೂರಿಗೆ ಬರುವ ದಿನವೇ ಆಗಿತ್ತು. ಯಶೋದ ಹೋಗಿ ಹೇಳಿದ್ದಕ್ಕೆ ಬೆಂಗಳೂರಿಗೆ ಹಿಂತಿರುಗುವಾಗ ಕಾರು ನಿಲ್ಲಿಸಿ ಮನೆಗೇ ಬಂದರು. ಅವರಿಗೆ ಅದರ ಅಗತ್ಯವೇ ಇರಲಿಲ್ಲ, ಬಂದದ್ದಕ್ಕೆ ದುಡ್ಡನ್ನೂ ಮುಟ್ಟಲಿಲ್ಲ. ಹೆಬ್ಬೆರಳು ಎತ್ತಿ ಎಂದರು. ನಾನು ಪ್ರಾಣವನ್ನೆಲ್ಲ ಅಲ್ಲಿಗೆ ತಂದರೂ ಅದು ಅಲುಗಲಿಲ್ಲ. ಆಪರೇಷನ್ನಿಗೆ ಮೊದಲು ಗಟ್ಟಿ ಜಾಗದಲ್ಲಿ ಇನ್ನು ಕೆಲವು ವಾರ ನೋಡೋಣ, ಆಮೇಲೂ ಹೀಗೇ ಇದ್ದರೆ ತಡಮಾಡುವ ಹಾಗಿಲ್ಲ ಎಂದರು. ಸೊಂಟದ ಮೇಲೆ ಹಲಗೆ ಒತ್ತಿ ಸುಲಿದ ಚರ್ಮವನ್ನೂ ನೋಡಿ, ಬರೀ ಹಲಗೆಯೂ ನಡೆಯುವುದಿಲ್ಲ, ತೆಳುವಾದ, ಗಟ್ಟಿಯಾದ ಒಳ್ಳೆಯ ಹಾಸಿಗೆ ಬೇಕು ಎಂದರು. ಸೊಂಟ ಮುಳುಗಬಾರದು, ಮೂಳೆಗೂ ಒತ್ತಬಾರದು, ಅದು ಕೈಯಲ್ಲಿ ಒತ್ತಿ ನೋಡಿದರೆ ತಿಳಿಯುವುದಿಲ್ಲ, ಮಲಗಿಯೇ ನೋಡಬೇಕು, ಇವರು ಏಳುವ ಹಾಗಿಲ್ಲ, ಇವರಷ್ಟೇ ಮೈ ಇರುವವರು ಯಾರಾದರೂ ಹೋಗಿ ಮಲಗಿ ನೋಡಿ ತನ್ನಿ ಎಂದು ಹೇಳಿ ಹೋದರು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿದವನು, ಹಾಸಿಗೆಯನ್ನೇ ಕೊಳ್ಳಬೇಕಾದವನು ಏನು ಮಾಡಬೇಕೆಂದು ಹೇಳಿಲ್ಲ. ನಮ್ಮ ಹತ್ತಿರ ಇದ್ದ ದುಡ್ಡಿಗೆ ಒಂದು ಸಲ ಕೊಳ್ಳಬಹುದಿತ್ತು, ತಪ್ಪಿದರೆ ಇನ್ನೊಂದು ಸಲ ಇಲ್ಲ. ಬೀದಿಯವರೆಲ್ಲ ಬಂದು ಸಲಹೆ ಕೊಟ್ಟರು. ಬಿಲ್ಲು ಹೊತ್ತು ಬರುವ ಹತ್ತಿ ಹಿಂಜುವವನ ಹತ್ತಿರ ಹತ್ತಿಯ ಹಾಸಿಗೆ ಹೊಲಿಸು, ಅಗ್ಗ ಎಂದರು ಕೆಲವರು. ಅಮೇರಿಕದಲ್ಲಿ ಎಲ್ಲರೂ ಸ್ಪ್ರಿಂಗಿನ ಮೇಲೆ ಮಲಗುತ್ತಾರಂತೆ ಎಂದ ಒಬ್ಬ, ಅಲ್ಲಿ ಯಾರಿಗೂ ಸೊಂಟ ನೋವೇ ಇಲ್ಲ ಎನ್ನುವ ಹಾಗೆ. ರಬ್ಬರ್ ಫೋಮು, ತೆಂಗಿನ ನಾರಿನ ಹಾಸಿಗೆ, ಹುಲ್ಲಿನ ಹಾಸಿಗೆ, ಒಬ್ಬೊಬ್ಬರದು ಒಂದೊಂದು.

ಮೊದಲು ಯಶೋದ ಹೋದಳು. ಅವಳು ಕಡ್ಡಿಯಂತಿದ್ದವಳು, ಅವಳ ಭಾರಕ್ಕೆ ಯಾವ ಹಾಸಿಗೆಯೂ ತಗ್ಗಲಿಲ್ಲ, ಎಲ್ಲವೂ ಗಟ್ಟಿಯೇ ಎಂದು ವಾಪಸು ಬಂದಳು. ಆಮೇಲೆ ಸಂಪಂಗಿ ಹೋದ. ಒದ್ದ ಪಾಪ ಅವನನ್ನು ಕಾಡುತ್ತಿತ್ತು, ಮೈಯೂ ನನ್ನಷ್ಟೇ ಇತ್ತು. ಆದರೆ ಗಂಡಸು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕಾಲು ಚಾಚಿ ಮಲಗುವುದೆಂದರೆ ಏನು? ಬಸ್‌ಸ್ಟಾಂಡ್ ಹಿಂದಿನ ಅಂಗಡಿಯಲ್ಲಿ ಬಹಳ ಹೊತ್ತು ನಿಂತಿದ್ದು, ಮುಷ್ಟಿಯಿಂದ ಎಲ್ಲವನ್ನೂ ಗುದ್ದಿ, ಎಲ್ಲಾ ಫಸ್ಟ್ ಕ್ಲಾಸ್ ಎಂದು ವರದಿ ಕೊಟ್ಟ. ಮಲಗಿದೆಯಾ ಎಂದು ಕೇಳಿದರೆ ನೆಲ ನೋಡಿದ. ಅವನನ್ನು ಬೈಯುವಂತಿರಲಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಆಗ ಬಾಗಿಲ ಹಿಂದಿನಿಂದ, 'ನಾನು ಹೋಗ್ಬತ್ತೀನಿ ಅಂತ ಹೇಳಮ್ಮ' ಎಂಬ ದನಿ ಬಂತು. ಅತ್ತೆ ಗಟ್ಟಿ ಆಳು, ಹೆಚ್ಚುಕಡಿಮೆ ನನ್ನದೇ ಮೈ. ಅದನ್ನು ಅಳಿಯನಾದವನು ಗಮನಿಸಿದ್ದೇನೆಂದು ಹೇಳುವುದೂ ತಪ್ಪು, ಅವರು ಹೇಳಿಕೊಳ್ಳುವುದೂ ಕಷ್ಟ. ಸಂಪಂಗಿ ಚಾವಣಿ ನೋಡಿದ. ಯಶೋದ ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು.

ಅಂಗಡಿಯಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಯಶೋದ ಎಷ್ಟು ಸಲ ಹೇಳಿದ್ದಾಳೆಂದರೆ ನೋಡಿದಂತೆಯೇ ಆಗಿದೆ. ಅತ್ತೆ ಗುಡಿಗೆ ಹೋದವರಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರಂತೆ. ಅಂಗಡಿಯಾತ ಸೇಲಂ ಕಡೆಯವನು, ತಮಿಳಿನಲ್ಲಿ ಏನು ಬೇಕೆಂದು ಕೇಳಿದ. ಮಲಗಿ ನೋಡಬಹುದಾ ಎಂದು ಇವರೂ ತಮಿಳಿನಲ್ಲೇ ಕೇಳಿದರು. ಅವನಿಗೆ ಏನು ಹೇಳಬೇಕೆಂದು ತಿಳಿಯುವ ಮೊದಲೇ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು ಮಲಗಿಯೇಬಿಟ್ಟರು. ಮುಖ ಮುಚ್ಚಿದರೆ ಆಯಿತು, ಉಳಿದದ್ದನ್ನು ಲೋಕ ನೋಡಿಕೊಳ್ಳಲಿ ಎಂಬಂತೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಯಾರೋ ಹೆಂಗಸಿಗೆ ತಲೆ ಸುತ್ತಿರಬೇಕೆಂದು ತಿಳಿದ ಒಬ್ಬ ಪುಣ್ಯಾತ್ಮ ಎದುರು ಅಂಗಡಿಯಿಂದ ಸೋಡಾ ಒಡೆಸಿ ತಂದ. ಯಶೋದ ನಾಚಿಕೆಯಿಂದ ಆ ಸೋಡಾವನ್ನು ತಾನೇ ಕುಡಿದಳು.

ಅತ್ತೆ ಮಾತ್ರ ಅವಸರ ಮಾಡಲಿಲ್ಲ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ ನೋಡಿದರು, ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಫೋಮನ್ನು, ಇದೂ ಮುಳುಗಿಸೋ ಜಾತಿಯದ್ದೇ ಎಂದು ಬಿಟ್ಟರು. ಹತ್ತಿಯದು ಇವತ್ತಿಗೆ ಚೆನ್ನ, ಭಾರ ಬಿದ್ದ ಕಡೆ ಆರು ತಿಂಗಳಲ್ಲಿ ಕುಳಿ ಬೀಳುತ್ತದೆ, ಮತ್ತೆ ಹಿಂಜಿಸಬೇಕು ಎಂದರು. ಕೊನೆಗೆ ಅಂಗಡಿಯ ಮುಂಭಾಗದಲ್ಲಿ ಜನ ನೋಡಲೆಂದು ಹಾಸಿದ್ದ ಒಂದು ತೆಳುವಾದ ನಾರಿನ ಹಾಸಿಗೆಯ ಮೇಲೆ ಮಲಗಿದರು. ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಒತ್ತಿ ಮಾಡಿದ್ದು ಅದು. ಮಲಗಿದವರು ಹೊರಳಲಿಲ್ಲ, ಮಾತಾಡಲಿಲ್ಲ. ಯಶೋದ ಸ್ವಲ್ಪ ಹೊತ್ತು ಕಾದು ಸೆರಗು ಸರಿಸಿ ನೋಡಿದರೆ ಅಮ್ಮನಿಗೆ ನಿದ್ದೆ. ನಾನು ಮುಗ್ಗರಿಸಿದ ದಿನದಿಂದ ಅವರು ಕಣ್ಣು ಮುಚ್ಚಿರಲಿಲ್ಲವಂತೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಅವರಿಗೆ ಚಿಂತೆ ಇದ್ದೂ ಬಂದಿತ್ತು. ಎಬ್ಬಿಸಲು ಹೋದ ಯಶೋದಳನ್ನು ಅಂಗಡಿಯಾತ ತಡೆದು, ತೂಗಟ್ಟುಂ, ಮಲಗಲಿ ಬಿಡಮ್ಮ ಎಂದ. ರೇಡಿಯೋ ಆರಿಸಿದ. ಬಾಗಿಲ ಮುಂದೆ ನಿಂತಿದ್ದವರನ್ನು ಸಾಗಹಾಕಿದ. ಅವನ ಹೊಟ್ಟೆ ತಣ್ಣಗಿರಲಿ.

ಎಚ್ಚರವಾದ ಮೇಲೆ ಅತ್ತೆ, ಇದೇ ಎಂದರು. ಮುಂದೆ ಹಾಸಿದ್ದರಿಂದ ಬಿಸಿಲು ತಿಂದು ಹಾಸಿಗೆಯ ಒಂದು ಕಡೆಯ ಬಟ್ಟೆ ಪೂರ್ತಿ ಬಣ್ಣಗೆಟ್ಟಿತ್ತು. ಅಂಗಡಿಯಾತನೇ ಅದನ್ನು ತೋರಿಸಿ, ಒಳಗಡೆ ಹೊಸದಿದೆ, ಬೆಲೆ ಮಾತ್ರ ಹೆಚ್ಚು ಎಂದ. 'ಬೆನ್ನಿಗೇನು ಕಣ್ಣೈತಾ ಬಣ್ಣ ನೋಡಾಕೆ?' ಎಂದು ಅತ್ತೆ ಬಣ್ಣಗೆಟ್ಟದ್ದನ್ನೇ ನಮ್ಮ ಕೈಗೆಟುಕುವ ಬೆಲೆಗೆ ಮುಗಿಸಿ, ಗಾಡಿಗೆ ಹಾಕಿಸಿಕೊಂಡು ಬಂದರು. ಯಾವ ಹಾಸಿಗೆ ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರವೂ ಇಷ್ಟೇ. ಹೆಸರು ಕೇಳಬೇಡಿ, ಬಣ್ಣ ನೋಡಬೇಡಿ. ನಾಚಿಕೆ ಬಿಟ್ಟು ಮಲಗಿ, ನಿದ್ದೆ ಬಂದರೆ ಕೊಳ್ಳಿ.

ಆ ಹಾಸಿಗೆಯ ಮೇಲೆ ಮೊದಲ ಸಲ ಮಲಗಿದಾಗ ಮೂಳೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತ ಹಾಗಾಯಿತು. ನ್ಯಾಯವಾಗಿ ಹೇಳಬೇಕೆಂದರೆ ನೋವು ಆವತ್ತೇ ಹೋಗಲಿಲ್ಲ. ಎಷ್ಟೋ ದಿನ ಚಾವಣಿಯ ತೊಲೆ ನೋಡುತ್ತಾ, ಇನ್ನು ಮೇಲೆ ಕಾಲೆಳೆದುಕೊಂಡೇ ಬದುಕಬೇಕು ಎಂದು ಮನಸ್ಸಿನಲ್ಲೇ ಒಪ್ಪಿಕೊಂಡದ್ದುಂಟು. ಒಂದು ಮಧ್ಯಾಹ್ನ ಯಾರಿಗೂ ಕಾಣದಂತೆ ಅತ್ತುಬಿಟ್ಟೆ. ಮಲಗಿ ಅತ್ತರೆ ಕಣ್ಣೀರು ಕಿವಿಗೆ ಹೋಗುತ್ತದೆ, ಅದು ಇನ್ನೂ ಬೇಜಾರು. ಯಶೋದ ಕೈತುತ್ತು ಕೊಟ್ಟು, ಮೈ ಒರೆಸಿ, ಊರ ಸುದ್ದಿಯನ್ನೆಲ್ಲ ತಂದು ಕಿವಿಗೆ ತುಂಬುತ್ತಿದ್ದಳು. ಸಂಪಂಗಿ ಪಾಳಿ ಮುಗಿಸಿ ಬಂದು ಕೂರುತ್ತಿದ್ದ, ಕೆಲಸ ಎಲ್ಲಿಗೂ ಹೋಗುವುದಿಲ್ಲ, ಸೂಪರ್‌ವೈಸರ್ ಹೇಳಿದ್ದಾರೆ ಎಂದು ದಿನಾ ಹೇಳುತ್ತಿದ್ದ. ಸುಳ್ಳೋ ನಿಜವೋ, ಕೇಳಲು ಹಿತವಾಗಿತ್ತು.

ಬಾಗಿಲ ಹಿಂದಿನಿಂದ ದಿನಕ್ಕೊಮ್ಮೆ, 'ಹೆಬ್ಬೆಟ್ಟು ಎತ್ತಿದ್ರಾ ಕೇಳಮ್ಮ' ಎಂಬ ಪ್ರಶ್ನೆ ಬರುತ್ತಿತ್ತು. ಇಲ್ಲ ಎನ್ನಲು ಬಾಯಿ ಬರದೆ ನೋಡಲಿಲ್ಲ ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ಎತ್ತಲು ಹೋಗಿ ಅದು ಏಳದಿದ್ದರೆ ಎಂಬ ಭಯಕ್ಕೆ ನಾನು ಪ್ರಯತ್ನವನ್ನೇ ಬಿಟ್ಟಿದ್ದೆ. ಪಾದದ ಮೇಲೆ ಸದಾ ಕಂಬಳಿ ಹೊದ್ದಿರುತ್ತಿದ್ದೆ.

ಅತ್ತೆ ಊರಿಗೆ ಹೋಗುವ ಮಾತೆತ್ತಲಿಲ್ಲ. ತೆನೆ ಬಲಿತ ಕಾಲ, ಹೊಲ ಕಾಯುವವರು ಯಾರು ಎಂದು ನಾನು ಯಶೋದಳಿಂದ ಕೇಳಿಸಿದರೆ, ಪಕ್ಕದ ಹೊಲದವರು ನೋಡಿಕೊಳ್ಳುತ್ತಾರೆ ಎಂದು ಹೇಳಿಸಿದರು. ಒಂದು ದಿನ ಅವರ ಊರಿನವನೊಬ್ಬ ನನ್ನನ್ನು ನೋಡಲು ಬಂದ. ಆನೆ ಇಳಿದು ಅರ್ಧ ಹೊಲ ತುಳಿದು ಹೋಗಿ ಆಗಲೇ ವಾರವಾಗಿದೆ, ತಾಯಮ್ಮನಿಗೆ ಆವತ್ತೇ ಹೇಳಿಕಳಿಸಿದ್ದೆವಲ್ಲ ಎಂದ. ಯಶೋದ ಅಡುಗೆಮನೆಗೆ ಹೋಗಿ ಜಗಳವಾಡಿದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು.

'ರಾಗಿ ಮುಂದ್ಲ ವರ್ಷ ಬತ್ತದೆ ಕಣೆ. ಕಾಲು ಬತ್ತದಾ?'

ಕೊನೆಗೆ ಉಳಿದ ಅರ್ಧದ ಕೊಯ್ಲಿಗಾದರೂ ಹೋಗಲೇಬೇಕಾಯಿತು. ಡಾಕ್ಟರು ನನ್ನನ್ನು ನೋಡಬೇಕಾಗಿದ್ದದ್ದು ಮಾರನೆಯ ದಿನ. ಆಪರೇಷನ್ ಹೌದೋ ಅಲ್ಲವೋ ಎಂದು ಅವತ್ತು ತೀರ್ಮಾನವಾಗಬೇಕಿತ್ತು. ಅತ್ತೆ ಚೀಲ ಕಟ್ಟಿಟ್ಟು, ಬಾಗಿಲ ಹಿಂದಿನಿಂದಲೇ ಹೋಗಿಬರುತ್ತೇನೆಂದು ಹೇಳಿಸಿದರು. ಬಸ್ಸಿನ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುವ ಸದ್ದು ಕೇಳಿತು, ಬಿಡುವ ಸದ್ದೂ ಕೇಳಿತು. ನೋಡಿದರೆ ಅವರು ಕೋಣೆಯೊಳಗೆ ಬರುತ್ತಿದ್ದಾರೆ. ಬಂದವರು ನೇರವಾಗಿ ನನ್ನ ಕಾಲ ಬಳಿ ನೆಲದ ಮೇಲೆ ಕುಳಿತರು. ನನ್ನೆದುರು ಅವರು ಕುಳಿತದ್ದನ್ನು ನಾನು ಕಂಡಿದ್ದೇ ಇಲ್ಲ. ಏನೆಂದು ಕೇಳುವ ಮೊದಲೇ ಕಂಬಳಿ ಸರಿಸಿ, ನನ್ನ ಬಲಪಾದಕ್ಕೆ ಎರಡೂ ಕೈ ಹಾಕಿದರು.

ತಾಯಿಯಂಥ ಹಿರಿಯರು ಕಾಲು ಮುಟ್ಟುವುದೆಂದರೇನು? ನನ್ನ ಆಯುಸ್ಸೇ ಕಡಿಮೆಯಾದೀತು. ಅಯ್ಯೋ ಅತ್ತೆ, ಬೇಡಿ ಎನ್ನುತ್ತಾ ಬೆಂಕಿ ತಗಲಿದವನಂತೆ ಕಾಲೆಳೆದುಕೊಂಡೆ. ಕಾಲು ಬಂತು. ಪಾದವೂ ಜೊತೆಯಲ್ಲಿ ಎದ್ದು ಬಂತು. ಅಷ್ಟು ದಿನ ನೇತಾಡಿದ್ದ ಹೆಬ್ಬೆರಳು ಅವರ ಅಂಗೈಯನ್ನು ತಳ್ಳಿ ಮೇಲೆದ್ದು ನಿಂತಿತ್ತು. ಮೂವರೂ ಅದನ್ನೇ ನೋಡಿದೆವು.

'ಎಳ್ಕಂಡ್ರು ನೋಡೆ ಯಶೋದಾ' ಎಂದರು ಅತ್ತೆ. 'ಎಳ್ಕಂಡ್ರು.'

ಮಾರನೆಯ ದಿನ ಡಾಕ್ಟರು ನನ್ನನ್ನು ಹಿಮ್ಮಡಿಯ ಮೇಲೆ ನಡೆಸಿ ನೋಡಿ ಚಾಕು ಬೇಡ ಎಂದದ್ದು, ತಿಂಗಳು ಬಿಟ್ಟು ನಾನು ಕೆಲಸಕ್ಕೆ ಹೋದದ್ದು ಎಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ಯಶೋದ ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು. ಅತ್ತೆ ಎರಡೂ ಅಂಗೈಗಳನ್ನು ಹಾಗೇ ಹಿಡಿದುಕೊಂಡು, ಬಸ್ಸಿನ ಧ್ಯಾನವೇ ಇಲ್ಲದೆ, ನೆಲದ ಮೇಲೆ ಕೂತೇ ಇದ್ದರು. ನಾನು ಕಾಲನ್ನು ಮೆಲ್ಲಗೆ ಚಾಚಿ ಮತ್ತೆ ಅವರ ಕೈಯಲ್ಲಿಟ್ಟೆ.